ಉಕ್ರೇನಿಗಾಗಿ ಕಾಸರಗೋಡಿನ ಬೀದಿಯಲ್ಲಿ ನಿಂತವರ ಫೋಟೊ ತೆಗೆಯುವಾಗ

2022ರ ಫೆಬ್ರವರಿ 24ರಂದು ರಷ್ಯಾ ಉಕ್ರೇನಿನ ಮೇಲೆ ಪೂರ್ಣ ಪ್ರಮಾಣದ ದಾಳಿ ಆರಂಭಿಸಿತು. ಆರನೆಯ ದಿನವಾದ ಮಾರ್ಚ್ 1ರಂದು, ವೈದ್ಯಕೀಯ ಓದಲೆಂದು ಹಾವೇರಿ ಜಿಲ್ಲೆಯಿಂದ ಹೋಗಿದ್ದ ವಿದ್ಯಾರ್ಥಿಯೊಬ್ಬ ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಬಲಿಯಾದ. ಹೀಗೆ ಆ ಯುದ್ಧ ನಮ್ಮವರನ್ನೂ ತಟ್ಟಿದ್ದರಿಂದ, ಕಾಸರಗೋಡಿನಲ್ಲಿ ಹತ್ತು ಮಂದಿ ಉಕ್ರೇನಿಯನ್ನರ ಪರವಾಗಿ ಸೇರಿದರೂ ಅದನ್ನು ಶ್ರದ್ಧೆಯಿಂದ ದಾಖಲಿಸಬೇಕು. ಉಕ್ರೇನಿನ ಧ್ವಜವೊಂದರದೇ ಫೋಟೊ ತೆಗೆದರೆ ಅದು ಯಾವ ಊರಿನದೂ ಆಗಬಹುದು. ಧ್ವಜ ಹಿಡಿದ ಕೈ, ಹಿಡಿದವರ ಮುಖ ಮತ್ತು ಹಿಂದಿನ ಅಂಗಡಿಯ ಕನ್ನಡ, ಮಲಯಾಳ ಫಲಕ ಒಟ್ಟಿಗೆ ಬಂದಾಗ ಅದು ನಮ್ಮ ಬೀದಿಯದಾಗುತ್ತದೆ. ಇದಕ್ಕೆ ಅಗಲವಾದ ನೋಟ ಕೊಡುವ 24ರಿಂದ 35 ಮಿ.ಮೀ. ಲೆನ್ಸ್ ಸಾಕು, ಮೊಬೈಲಾದರೂ ಆದೀತು.

ಅರ್ಧ ಗಂಟೆ ಮೊದಲೇ ಹೋಗಿ, ಸಂಘಟಕರೊಡನೆ ಮಾತನಾಡಿ, ಬಸ್ಸುಗಳಿಗೆ ಅಡ್ಡವಾಗದ ಜಾಗವನ್ನು ನೋಡಿಟ್ಟುಕೊಳ್ಳಿ. ನಡೆಯುವವರಿಗೆ ಷಟರ್ ವೇಗ 1/250 ಸೆಕೆಂಡಿಗಿಂತ ನಿಧಾನವಾಗದಿರಲಿ, ಅಂದರೆ ಬೆಳಕನ್ನು ಒಳಬಿಡುವ ಕ್ಯಾಮೆರಾದ ಬಾಗಿಲು ಅದಕ್ಕಿಂತ ಹೆಚ್ಚು ಹೊತ್ತು ತೆರೆದಿರಬಾರದು. ನಮ್ಮ ಕಡೆಯ ಬಿಸಿಲಿನಲ್ಲಿ ಧ್ವಜದ ಹಳದಿ ಬಣ್ಣ ಬೇಗನೆ ಬೆಳ್ಳಗಾಗುವುದರಿಂದ ಎಕ್ಸ್‌ಪೋಷರನ್ನು, ಅಂದರೆ ಫೋಟೊಗೆ ಸಿಗುವ ಬೆಳಕನ್ನು, ಅರ್ಧ ಸ್ಟಾಪಿನಷ್ಟು ತಗ್ಗಿಸಿ (ಒಂದು ಸ್ಟಾಪ್ ತಗ್ಗಿಸಿದರೆ ಬೆಳಕು ಅರ್ಧವಾಗುತ್ತದೆ).

ಮೇಣದಬತ್ತಿ ಹಚ್ಚುವ ಹೊತ್ತು ಹೆಚ್ಚು ಕಷ್ಟದ್ದು, ಹೆಚ್ಚು ಫಲ ಕೊಡುವುದೂ ಅದೇ. ಒಮ್ಮೆ ನಾನು ನೆರಳಿನಲ್ಲಿದ್ದ ಮುಖಗಳಿಂದ ಬೆಳಕಿನ ಅಳತೆ ಹಿಡಿದು ಫೋಟೊ ತೆಗೆದಾಗ ಜ್ವಾಲೆಗಳೆಲ್ಲ ಬಿಳಿಯ ಚುಕ್ಕೆಗಳಾಗಿ, ಗಾಳಿಗೆ ಅಡ್ಡವಾಗಿ ಸುತ್ತಿದ್ದ ಕಾಗದದ ಬಣ್ಣವೂ ಅಳಿಸಿಹೋಗಿತ್ತು. ಬೆಳಕಿನ ಅಳತೆಯನ್ನು ಜ್ವಾಲೆಯ ಹೊಳಪು ಬಿದ್ದ ಕೆನ್ನೆಯಿಂದ ತೆಗೆದುಕೊಳ್ಳಬೇಕು. ಆಕಾಶದಲ್ಲಿ ಇನ್ನೂ ನೀಲಿ ಉಳಿದಿರುವಾಗಲೇ, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 1600ರಿಂದ 3200ರೊಳಗೆ ತೆಗೆಯುವುದು ಒಳ್ಳೆಯದು. ಫ್ಲ್ಯಾಶ್ ಖಂಡಿತ ಬೇಡ. ಬೀದಿದೀಪದ ಎಲ್‌ಇಡಿ ಬೆಳಕಿನಲ್ಲಿ ಅಡ್ಡಪಟ್ಟೆಗಳು ಕಂಡರೆ ಷಟರ್ ವೇಗವನ್ನು 1/100 ಅಥವಾ 1/50 ಸೆಕೆಂಡಿಗೆ ಬದಲಿಸಿ.

ಉಕ್ರೇನಿನ ಧ್ವಜದಲ್ಲಿ ನೀಲಿ ಮೇಲೆ, ಹಳದಿ ಕೆಳಗೆ. ಯಾರಾದರೂ ತಲೆಕೆಳಗಾಗಿ ಹಿಡಿದಿದ್ದರೆ ಮೆಲ್ಲನೆ ತಿಳಿಸುವುದರಲ್ಲಿ ತಪ್ಪಿಲ್ಲ, ಆದರೆ ಫಲಕವನ್ನು ಹೀಗೆ ಎತ್ತಿ, ಘೋಷಣೆ ಇನ್ನೊಮ್ಮೆ ಕೂಗಿ ಎಂದು ಹೇಳಬಾರದು. ಹದಿನೈದು ಮಂದಿಯನ್ನು ದೂರದ್ದನ್ನು ಹತ್ತಿರ ತರುವ ಟೆಲಿ ಲೆನ್ಸಿನಿಂದ ಒತ್ತೊತ್ತಾಗಿ ತೋರಿಸಿ ದೊಡ್ಡ ಜನಸಂದಣಿಯೆಂಬ ಭಾವನೆ ಹುಟ್ಟಿಸುವುದು, ನನ್ನ ದೃಷ್ಟಿಯಲ್ಲಿ, ಆ ಹದಿನೈದು ಮಂದಿಗೇ ಮಾಡುವ ಅನ್ಯಾಯ. ಖಾಲಿ ರಸ್ತೆಯ ಅಂಚಿನಲ್ಲಿ ಅವರಷ್ಟೇ ನಿಂತಿದ್ದರೆ ಆ ಖಾಲಿಯೂ ಚೌಕಟ್ಟಿನಲ್ಲಿರಲಿ.

ಅತ್ತವರ ಮತ್ತು ಮಕ್ಕಳ ಮುಖವನ್ನು ಹತ್ತಿರದಿಂದ ತೆಗೆದಿದ್ದರೆ ಪ್ರಕಟಿಸುವ ಮುನ್ನ ಅವರನ್ನೋ ಹೆತ್ತವರನ್ನೋ ಕೇಳಿ. ರಷ್ಯಾದ ವಶದಲ್ಲಿರುವ ಊರುಗಳಲ್ಲಿ ಬಂಧುಗಳಿರುವ ಉಕ್ರೇನಿಯನ್ನರು ಗುಂಪಿನಲ್ಲಿದ್ದರೆ ಅವರ ಹೆಸರು ಬರೆಯುವುದಕ್ಕೂ ಒಪ್ಪಿಗೆ ಬೇಕು, ಫೈಲಿನಲ್ಲಿ ಅಡಗಿರುವ ಜಿಪಿಎಸ್ ಮಾಹಿತಿಯನ್ನೂ ಅಳಿಸಬೇಕು. ಅಡಿಬರಹದಲ್ಲಿ ದಿನಾಂಕ, ಸ್ಥಳ, ಫಲಕದ ಮೇಲಿದ್ದ ಮಾತು ಇದ್ದ ಹಾಗೆಯೇ ಬರಲಿ, ಮತ್ತು ರಾಜಧಾನಿಯ ಹೆಸರನ್ನು ಉಕ್ರೇನಿಯನ್ನರು ಹೇಳುವಂತೆ ಕೀವ್ ಎಂದೇ ಬರೆಯಿರಿ.