ಬಿಟಿಆರ್‌ಎಫ್‌ಎಸ್ ಹಾಕಿದ ಮೇಲೆ ಕಂಪ್ಯೂಟರ್ ಹ್ಯಾಂಗ್ ಆಗುತ್ತಿದ್ದರೆ

ಹಳೆಯ ಕಂಪ್ಯೂಟರಿಗೆ ಹೊಸ ಲಿನಕ್ಸ್ ಹಾಕಿಸಿದಾಗ ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಫೈಲ್ ಸಿಸ್ಟಮ್ ಇಎಕ್ಸ್‌ಟಿ4 ಹೋಗಿ ಬಿಟಿಆರ್‌ಎಫ್‌ಎಸ್ ಬಂದಿರುವುದು ಎಷ್ಟೋ ಜನರಿಗೆ ಗೊತ್ತೇ ಆಗಿರುವುದಿಲ್ಲ. ಓಪನ್‌ಸುಸೆ 2014ರಿಂದ, ಫೆಡೋರಾ ಡೆಸ್ಕ್‌ಟಾಪ್ 2020ರಿಂದ ಇದನ್ನೇ ಕೊಡುತ್ತಿವೆ. ಆಮೇಲೆ ಒಂದು ದಿನ ಮೌಸ್ ಓಡಾಡುತ್ತದೆ, ಕ್ಲಿಕ್ ಮಾಡಿದರೆ ಏನೂ ಆಗುವುದಿಲ್ಲ, ಡಿಸ್ಕ್ ದೀಪ ಉರಿಯುತ್ತಲೇ ಇರುತ್ತದೆ. ಕೂಡಲೇ ಫಾರ್ಮ್ಯಾಟ್ ಮಾಡಬೇಡಿ. ಬಹುಪಾಲು ಸಂದರ್ಭಗಳಲ್ಲಿ ಸೆಟ್ಟಿಂಗ್ ಬದಲಿಸಿದರೆ ಸಾಕು.

ಮೊದಲು ಕ್ಯಾಪ್ಸ್‌ಲಾಕ್ ಒತ್ತಿ ನೋಡಿ. ಅದರ ದೀಪವೂ ಬದಲಾಗದಿದ್ದರೆ ಫೈಲ್ ಸಿಸ್ಟಮ್‌ಗಿಂತ ಬಿಸಿ, ರ‍್ಯಾಮ್ ಅಥವಾ ಗ್ರಾಫಿಕ್ಸ್ ಡ್ರೈವರ್ ಮೇಲೆ ಅನುಮಾನ ಹೆಚ್ಚು. ಮೇ ತಿಂಗಳ ರಾಯಚೂರಿನಲ್ಲಿ ಹೊರಗೆ 42 ಡಿಗ್ರಿ ಇರುವಾಗ, ಹತ್ತಿಯ ನಾರು ಕಟ್ಟಿಕೊಂಡ ಸಿಪಿಯು ಫ್ಯಾನ್ ಒಂದೇ ಸಾಕು ಯಂತ್ರವನ್ನು ನಿಲ್ಲಿಸಲು. ಧೂಳು ತೆಗೆದು, ರಾತ್ರಿಯಿಡೀ ಮೆಮ್‌ಟೆಸ್ಟ್ (ರ‍್ಯಾಮ್ ಪರೀಕ್ಷಿಸುವ ಪ್ರೋಗ್ರಾಂ) ಓಡಿಸಿ. ಎರಡು-ಮೂರು ನಿಮಿಷದಲ್ಲಿ ತಾನೇ ಸರಿಹೋಗುತ್ತಿದ್ದರೆ ಮುಂದೆ ಓದಿ. ಇಲ್ಲಿ ಕನ್ನಡದಲ್ಲಿ ಬರೆದ ಆಜ್ಞೆಗಳನ್ನು ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ, ಮುಂದೆ ‘ಸುಡೊ’ ಸೇರಿಸಿ ಟೈಪ್ ಮಾಡಬೇಕು.

ಡಿಸ್ಕ್ ಗಟ್ಟಿಯಾಗಿದೆಯೇ ಎಂದು ‘ಸ್ಮಾರ್ಟ್‌ಸಿಟಿಎಲ್’ನಿಂದ ನೋಡಿ. ಐಡಿ 5 ಅಥವಾ 197 ಎಂದಿರುವ ಸಾಲಿನ ಕಚ್ಚಾ ಅಂಕಿ ಸೊನ್ನೆ ಅಲ್ಲದಿದ್ದರೆ ಉಳಿದದ್ದೆಲ್ಲ ಬಿಟ್ಟು ಬ್ಯಾಕಪ್ ತೆಗೆಯಿರಿ. ಐಡಿ 199ರದು ಏರುತ್ತಲೇ ಇದ್ದರೆ ಸಾಟಾ ಕೇಬಲ್ ಬದಲಿಸಿ. ಆಮೇಲೆ ‘ಜರ್ನಲ್‌ಸಿಟಿಎಲ್’ನ ಕರ್ನಲ್ (ಲಿನಕ್ಸ್‌ನ ತಿರುಳು) ಸಂದೇಶಗಳಲ್ಲಿ ‘ಬ್ಲಾಕ್ಡ್ ಫಾರ್ ಮೋರ್ ದ್ಯಾನ್ 120 ಸೆಕೆಂಡ್ಸ್’ ಎಂಬ ಸಾಲು ಹುಡುಕಿ. ಯಾವುದೋ ಪ್ರೋಗ್ರಾಂ ಎರಡು ನಿಮಿಷ ಡಿಸ್ಕಿಗಾಗಿ ಕಾಯ್ದು ಕುಳಿತಿತ್ತು ಎಂದು ಅದರ ಅರ್ಥ. ಹ್ಯಾಂಗ್ ಆದ ಹೊತ್ತಿಗೇ ಯಾರು ಡಿಸ್ಕ್ ಬಳಸುತ್ತಿದ್ದಾರೆ ಎಂದು ತೋರಿಸುವ ‘ಐಒಟಾಪ್’ ತೆರೆದಿದ್ದು, ಮೇಲ್ಗಡೆ ‘ಬಿಟಿಆರ್‌ಎಫ್‌ಎಸ್-ಕ್ಲೀನರ್’ ಅಥವಾ ‘ಬಿಟಿಆರ್‌ಎಫ್‌ಎಸ್-ಟ್ರಾನ್ಸಾಕ್ಷನ್’ ಕಂಡರೆ ಕಾರಣ ಸಿಕ್ಕಂತೆ: ಹೆಚ್ಚಾಗಿ ಸ್ನ್ಯಾಪ್‌ಶಾಟ್ (ಆ ಹೊತ್ತಿನ ಫೈಲುಗಳ ಸ್ಥಿತಿಯ ಪ್ರತಿ) ಮತ್ತು ಕೋಟಾ (ಯಾವುದಕ್ಕೆ ಎಷ್ಟು ಜಾಗ ಎಂಬ ಲೆಕ್ಕ) ಒಟ್ಟಿಗೆ ಆನ್ ಆಗಿರುತ್ತವೆ.

ಒಂದೇ ಡೇಟಾ ತುಣುಕನ್ನು ಐವತ್ತು ಸ್ನ್ಯಾಪ್‌ಶಾಟ್‌ಗಳು ಹಂಚಿಕೊಂಡಿರಬಹುದು. ಒಂದನ್ನು ಅಳಿಸಿದಾಗ, ಕೋಟಾ ಇದ್ದರೆ, ಪ್ರತಿ ತುಣುಕು ಈಗ ಯಾರ ಪಾಲಿನದು ಎಂದು ಕರ್ನಲ್ ಮತ್ತೆ ಲೆಕ್ಕ ಹಾಕಬೇಕು. ಆ ಲೆಕ್ಕ ಮುಗಿಯುವ ತನಕ ಬ್ರೌಸರ್ ತನ್ನ ಒಂದು ಸಣ್ಣ ಫೈಲ್ ಉಳಿಸಲೂ ಸರದಿಯಲ್ಲಿ ನಿಲ್ಲುತ್ತದೆ. ‘ಬಿಟಿಆರ್‌ಎಫ್‌ಎಸ್ ಕ್ಯೂಗ್ರೂಪ್ ಶೋ /’ ಎಂದಾಗ ಪಟ್ಟಿ ಬಂದರೆ ಕೋಟಾ ಆನ್ ಇದೆ. ‘ಬಿಟಿಆರ್‌ಎಫ್‌ಎಸ್ ಕೋಟಾ ಡಿಸೇಬಲ್ /’ ಕೊಡಿ. ಒಬ್ಬರೇ ಬಳಸುವ ಕಂಪ್ಯೂಟರಿಗೆ ಕೋಟಾದ ಅಗತ್ಯವೇ ಇಲ್ಲ. ಆದರೆ ಸ್ನ್ಯಾಪ್‌ಶಾಟ್ ತೆಗೆದು ಅಳಿಸುವ ಪ್ರೋಗ್ರಾಂ ಸ್ನ್ಯಾಪರ್ ಜಾಗ ನೋಡಿ ಹಳೆಯದನ್ನು ಅಳಿಸುವುದು ಕೋಟಾ ನಂಬಿಯೇ, ಆದ್ದರಿಂದ ಸಂಖ್ಯೆಯ ಮಿತಿ ನೀವೇ ಕೊಡಬೇಕು: ಗಂಟೆಯವು 5, ದಿನದವು 7, ತಿಂಗಳು-ವರ್ಷದವು 0. ಈಗಾಗಲೇ ಗುಡ್ಡೆಯಾಗಿರುವುದನ್ನು ಒಮ್ಮೆಲೇ ಅಳಿಸಲು ಹೋಗಬೇಡಿ. ಐದೈದರಂತೆ ಅಳಿಸಿ, ಪ್ರತಿ ಸಲ ‘ಬಿಟಿಆರ್‌ಎಫ್‌ಎಸ್ ಸಬ್‌ವಾಲ್ಯೂಮ್ ಸಿಂಕ್ /’ ಮುಗಿಯುವವರೆಗೆ ಕಾಯಿರಿ.

ಎರಡನೆಯ ಕಾರಣವನ್ನು ಬಳ್ಳಾರಿ, ಗಂಗಾವತಿ ಕಡೆಯ ಲೆಕ್ಕಪತ್ರದ ಕಂಪ್ಯೂಟರ್‌ಗಳಲ್ಲಿ ಮರೆಯದೆ ನೋಡಿ: ಲಿನಕ್ಸ್ ಒಳಗೆ ವರ್ಚುವಲ್‌ಬಾಕ್ಸ್, ಅದರೊಳಗೆ ವಿಂಡೋಸ್, ಅದರಲ್ಲಿ ಟ್ಯಾಲಿ. ಬಿಟಿಆರ್‌ಎಫ್‌ಎಸ್ ಹಳೆಯ ಜಾಗದ ಮೇಲೆ ಬರೆಯುವುದಿಲ್ಲ, ಪ್ರತಿ ಬದಲಾವಣೆಯನ್ನೂ ಹೊಸ ಜಾಗದಲ್ಲಿ ಬರೆಯುತ್ತದೆ. ಹೀಗಾಗಿ ಆ ವಿಂಡೋಸ್ ಪೂರ್ತಿ ಅಡಗಿರುವ 40 ಜಿಬಿಯ ಒಂದು ಫೈಲ್ ಸಾವಿರಾರು ಚೂರಾಗಿ, ಸುತ್ತುವ ಹಾರ್ಡ್ ಡಿಸ್ಕಿನ ಮುಳ್ಳು ಅತ್ತಿಂದಿತ್ತ ಓಡಿ ಸುಸ್ತಾಗುತ್ತದೆ. ವರ್ಚುವಲ್ ಯಂತ್ರವನ್ನು ಆಫ್ ಮಾಡಿ, ಪ್ರತ್ಯೇಕ ಸಬ್‌ವಾಲ್ಯೂಮ್ (ಬಿಟಿಆರ್‌ಎಫ್‌ಎಸ್ ಒಳಗಿನ ಬೇರೆ ವಿಭಾಗ) ಮಾಡಿ. ಅದು ಖಾಲಿ ಇರುವಾಗಲೇ ‘ಸಿಎಚ್‌ಎಟಿಟಿಆರ್ +ಸಿ’ ಕೊಟ್ಟು (ಸಿ ದೊಡ್ಡಕ್ಷರ), ಫೈಲನ್ನು ‘ಸಿಪಿ --ರಿಫ್‌ಲಿಂಕ್=ನೆವರ್’ ಎಂದು ಅಲ್ಲಿಗೆ ನಕಲು ಮಾಡಿ. ಇದ್ದ ಜಾಗದಲ್ಲೇ +ಸಿ ಹಚ್ಚಿದರೆ ಹಳೆಯ ಫೈಲಿಗೆ ಏನೂ ಆಗುವುದಿಲ್ಲ, ಎಲ್ಲರೂ ಎಡವುವುದು ಇಲ್ಲೇ. ಇದರಿಂದ ಆ ಫೈಲಿಗೆ ಚೆಕ್‌ಸಮ್ (ಡೇಟಾ ಕೆಟ್ಟಿದೆಯೇ ಎಂದು ಹೇಳುವ ಲೆಕ್ಕ) ರಕ್ಷಣೆ ಹೋಗುತ್ತದೆ, ಹಾಗಾಗಿ ಟ್ಯಾಲಿಯ ಬ್ಯಾಕಪ್ ಬೇರೆ ಡಿಸ್ಕಿನಲ್ಲಿ ಇರಲೇಬೇಕು.

ಜಾಗವನ್ನೂ ನೋಡಿ. ‘ಡಿಎಫ್’ ನಂಬಬೇಡಿ, ‘ಬಿಟಿಆರ್‌ಎಫ್‌ಎಸ್ ಫೈಲ್‌ಸಿಸ್ಟಮ್ ಯೂಸೇಜ್ /’ ಕೊಡಿ. ‘ಅನ್‌ಅಲೊಕೇಟೆಡ್’ (ಇನ್ನೂ ಯಾವುದಕ್ಕೂ ಹಂಚದ ಜಾಗ) 1 ಜಿಬಿಗಿಂತ ಕೆಳಗಿಳಿದು ಮೆಟಾಡೇಟಾ (ಫೈಲುಗಳ ಬಗೆಗಿನ ಮಾಹಿತಿ) ತುಂಬಿದ್ದರೆ ‘ಬಿಟಿಆರ್‌ಎಫ್‌ಎಸ್ ಬ್ಯಾಲೆನ್ಸ್ ಸ್ಟಾರ್ಟ್ -ಡಿಯೂಸೇಜ್=10 /’ ಓಡಿಸಿ (ಅರೆಬರೆ ತುಂಬಿದ ಜಾಗಗಳನ್ನು ಒಟ್ಟುಗೂಡಿಸಿ ಖಾಲಿ ಜಾಗ ಬಿಡಿಸುವುದೇ ಬ್ಯಾಲೆನ್ಸ್), ಸಾಲದಿದ್ದರೆ 20, 30 ಎಂದು ಏರಿಸಿ. ಮೆಟಾಡೇಟಾ ಬ್ಯಾಲೆನ್ಸ್ ಮಾಡಬೇಡಿ. ಕೆಲಸದ ವೇಳೆಯಲ್ಲಂತೂ ಯಾವ ಬ್ಯಾಲೆನ್ಸೂ ಬೇಡ, ಅದೇ ಹ್ಯಾಂಗ್ ಮಾಡಿಸುತ್ತದೆ.

ಹ್ಯಾಂಗ್ ಆಗಿದೆ ಎಂದು ಪವರ್ ಬಟನ್ ಒತ್ತಿ ಹಿಡಿಯುವುದು ಕರೆಂಟ್ ಹೋದಷ್ಟೇ ಕೆಟ್ಟದ್ದು. ಐದು ನಿಮಿಷ ಕಾಯಿರಿ, ಯುಪಿಎಸ್ ಇಡಿ. ಬರೆದ ಕ್ರಮದ ಬಗ್ಗೆ ಡಿಸ್ಕ್ ಸುಳ್ಳು ಹೇಳಿದ್ದರೆ ಮುಂದಿನ ಸಲ ‘ಪೇರೆಂಟ್ ಟ್ರಾನ್ಸ್‌ಐಡಿ ವೆರಿಫೈ ಫೇಲ್ಡ್’ ಎಂಬ ದೋಷ ಬರುತ್ತದೆ. ಆಗ ಗಾಬರಿಯಲ್ಲಿ ‘ಬಿಟಿಆರ್‌ಎಫ್‌ಎಸ್ ಚೆಕ್ --ರಿಪೇರ್’ ಕೊಡಬೇಡಿ, ಉಳಿದದ್ದೂ ಹೋಗಬಹುದು. ಲೈವ್ ಯುಎಸ್‌ಬಿಯಿಂದ ಬೂಟ್ ಮಾಡಿ, ‘ಆರ್‌ಒ,ರೆಸ್ಕ್ಯೂ=ಯೂಸ್‌ಬ್ಯಾಕಪ್‌ರೂಟ್’ ಆಯ್ಕೆಯಲ್ಲಿ ಮೌಂಟ್ ಮಾಡಿ (ಡಿಸ್ಕನ್ನು ಓದಲು ತೆರೆದು) ಫೈಲುಗಳನ್ನು ಹೊರಗೆ ತೆಗೆಯಿರಿ. ಮೌಂಟ್ ಆಗದಿದ್ದರೆ ‘ಬಿಟಿಆರ್‌ಎಫ್‌ಎಸ್ ರಿಸ್ಟೋರ್’ ಬಳಸಿ. ಅದು ಕೆಟ್ಟ ಡಿಸ್ಕಿಗೆ ಏನನ್ನೂ ಬರೆಯದೆ, ಸಿಕ್ಕ ಫೈಲುಗಳನ್ನು ಬೇರೆ ಡಿಸ್ಕಿಗೆ ನಕಲು ಮಾಡುತ್ತದೆ.