ಐದಡಿ ಬ್ಲೇಡ್ ಕೊನೆಗೂ ನೆಟ್ಟಗೆ ಕೊಯ್ಯಿತು

ಕಳೆದ ಆಗಸ್ಟ್‌ನ ಹಳೇ ಎಂಜಿನ್ ಶೋದಲ್ಲಿ ನಮ್ಮ ಕ್ಲಬ್ಬಿನ ಸಾಮಿಲ್, ಅಂದರೆ ಸ್ಟೀಮ್ ಎಂಜಿನ್ ಓಡಿಸುವ ದುಂಡು ಗರಗಸ, ಒಂದೇ ಮಧ್ಯಾಹ್ನ ಹನ್ನೊಂದು ಓಕ್ ದಿಮ್ಮಿ ಸೀಳಿತು. ಹನ್ನೊಂದನೇ ದಿಮ್ಮಿಯ ಕೊನೇ ಹಲಗೆಗೆ ಕ್ಯಾಲಿಪರ್ ಹಿಡಿದು ನೋಡಿದೆ. 12 ಅಡಿ ಉದ್ದದ ಹಲಗೆ. ಈ ತುದಿಗೂ ಆ ತುದಿಗೂ ದಪ್ಪದಲ್ಲಿ ಇಂಚಿನ 32ರಲ್ಲಿ ಒಂದು ಭಾಗ ವ್ಯತ್ಯಾಸ, ಅಷ್ಟೇ. ಹಿಂದಿನ ಎರಡು ವರ್ಷ ಇದೇ ಮಿಲ್‌ನಲ್ಲಿ ನಾಲ್ಕನೇ ದಿಮ್ಮಿ ಹೊತ್ತಿಗೆ ಹಲಗೆ ಒಂದು ಕಡೆ ಒಂದಿಂಚು, ಇನ್ನೊಂದು ಕಡೆ ಅರ್ಧ ಇಂಚು ಬರುತ್ತಿತ್ತು. ಬೇಲಿಗೂ ಆಗದ ಹಲಗೆ. ಹಾಗಾಗಿ ಸ್ವಲ್ಪ ಜಂಬ ಕೊಚ್ಚಿಕೊಂಡರೆ ಬೇಜಾರು ಮಾಡ್ಕೋಬೇಡಿ.

ನಾನಿರುವುದು ಪೆನ್ಸಿಲ್ವೇನಿಯಾದಲ್ಲಿ. ಹೊಟ್ಟೆಪಾಡಿಗೆ ಸಾಫ್ಟ್‌ವೇರ್, ಶನಿವಾರ ಭಾನುವಾರ ಹಳೇ ಎಂಜಿನ್. ಈ ಕಡೆ ಹಳೇ ಎಂಜಿನ್ ಶೋ ಅಂದರೆ ನಮ್ಮೂರ ಜಾತ್ರೆ ಇದ್ದ ಹಾಗೆ. ತೇರಿನ ಬದಲು ಸ್ಟೀಮ್ ಟ್ರ್ಯಾಕ್ಟರ್, ಅಷ್ಟೇ. ಇದೇ ರಾಜ್ಯದ ಕಿಂಜರ್ಸ್‌ನ ರಫ್ ಅಂಡ್ ಟಂಬಲ್ ಅನ್ನೋ ಸಂಘದವರು 1948ರಿಂದ ನಡೆಸುತ್ತಿದ್ದಾರೆ. ಅಯೋವಾದ ಮೌಂಟ್ ಪ್ಲೆಸೆಂಟ್‌ನಲ್ಲಿ 1950ರಿಂದ ಇದೆ. ನಮ್ಮದು ಅಷ್ಟು ದೊಡ್ಡದಲ್ಲ. ಆದರೆ ಬ್ಲೇಡ್ ಮಾತ್ರ ದೊಡ್ಡದು. 60 ಇಂಚು, ಅಂದರೆ ಪೂರಾ ಐದಡಿ. 46 ಹಲ್ಲು, ಎಲ್ಲವೂ ಬಿಚ್ಚಿ ಹಾಕುವಂಥವು. ಮಿಲ್ ಇಲ್ಲೇ ವೇನ್ಸ್‌ಬರೋದಲ್ಲಿ ತಯಾರಾದ ಹಳೇ ಫ್ರಿಕ್ ಕಂಪನಿಯದು. ಎಂಜಿನ್ ಕೇಸ್ ಕಂಪನಿಯ 65 ಅನ್ನೋ ಸ್ಟೀಮ್ ಟ್ರ್ಯಾಕ್ಟರ್, ವಿಸ್ಕಾನ್ಸಿನ್‌ನ ರಸೀನ್‌ನಲ್ಲಿ ಹುಟ್ಟಿ ನೂರು ವರ್ಷ ದಾಟಿದೆ.

ತೊಂದರೆಯ ಮೂಲ ಹೇಳ್ತೀನಿ. ಈ ಬ್ಲೇಡ್ ಹಿಂದೆ ಒಂದು ಡೀಸೆಲ್ ಎಂಜಿನ್ ಮೇಲೆ ಓಡುತ್ತಿತ್ತು. 600 ಆರ್‌ಪಿಎಂಗೆ, ಅಂದರೆ ನಿಮಿಷಕ್ಕೆ 600 ಸುತ್ತಿಗೆ ಅಂತ, ಸುತ್ತಿಗೆಯಲ್ಲಿ ಹೊಡೆದು ಹದ ಮಾಡಿದ್ದರು. ನಮ್ಮ ಸ್ಟೀಮ್ ಎಂಜಿನ್‌ಗೆ ಅಷ್ಟು ತಾಕತ್ತಿಲ್ಲ. 2001ರಲ್ಲಿ ಓಹಾಯೋದ ಮೆಡೀನಾ ಮೇಳದಲ್ಲಿ ಸ್ಟೀಮ್ ಟ್ರ್ಯಾಕ್ಟರಿನ ಬಾಯ್ಲರ್ ಸಿಡಿದು ಐದು ಜನ ಸತ್ತರಲ್ಲ, ಅಲ್ಲಿಂದ ಹಳೇ ಬಾಯ್ಲರ್ ಅಂದರೆ ಎಲ್ಲರಿಗೂ ಭಯ. ಇರಬೇಕಾದ್ದೇ. ನಮ್ಮ ಬಾಯ್ಲರಿಗೆ ಅನುಮತಿ ಇರುವುದು ಚದರ ಇಂಚಿಗೆ 100 ಪೌಂಡ್ ಒತ್ತಡಕ್ಕೆ. ಅಷ್ಟರಲ್ಲೇ ಸಂಸಾರ ಮಾಡಬೇಕು.

ಮೊದಲನೇ ವರ್ಷ ಎಲ್ಲರೂ ಹೇಳಿದ್ದು ಒಂದೇ ಮಾತು: ಪುಲ್ಲಿ, ಅಂದರೆ ಬೆಲ್ಟ್ ಓಡುವ ಚಕ್ರ, ಬದಲಾಯಿಸು. ಬೆಲ್ಟ್ ಎಳೆಯುವ ಎಂಜಿನ್ ಫ್ಲೈವೀಲ್ 40 ಇಂಚು, 250 ಆರ್‌ಪಿಎಂ. ಬ್ಲೇಡ್ ಕಡೆ 16 ಇಂಚಿನ ಪುಲ್ಲಿ ಹಾಕಿದರೆ 600 ದಾಟುತ್ತೆ. ಲೆಕ್ಕ ಸರಿಯಾಗೇ ಇತ್ತು. ಖಾಲಿ ಓಡಿಸಿದಾಗ ಬ್ಲೇಡ್ ಕಡ್ಡಿ ಹಾಗೆ ನೆಟ್ಟಗೆ ನಿಂತಿತು. ಜನ ಚಪ್ಪಾಳೆ ಹೊಡೆದರು. 20 ಇಂಚು ದಪ್ಪದ ಓಕ್ ಒಳಗೆ ಹೋದದ್ದೇ ತಡ, ಎಂಜಿನ್ ಉಬ್ಬಸ ಬಂದವರ ಹಾಗೆ ಏದುಸಿರು ಬಿಟ್ಟಿತು. ಸ್ಪೀಡು 420ಕ್ಕೆ ಬಿತ್ತು. ಬ್ಲೇಡ್ ಬಟ್ಟೆ ಹಾಗೆ ಅಲ್ಲಾಡಿತು. ಚಿಕ್ಕ ಪುಲ್ಲಿಗೆ ಬೆಲ್ಟ್ ಹಿಡಿತವೂ ಕಡಿಮೆ, ಜಾರಿ ಜಾರಿ ಸುಟ್ಟ ವಾಸನೆ. ಆ ಪುಲ್ಲಿಗೆ 180 ಡಾಲರ್ ಕೊಟ್ಟಿದ್ದೆ. ಈಗ ಅದು ಶೆಡ್ಡಿನ ಬಾಗಿಲು ಗಾಳಿಗೆ ಹಾಕಿಕೊಳ್ಳದ ಹಾಗೆ ಒತ್ತಿಗೆ ಕೂತಿದೆ.

ಆಗಲೇ ನನಗನ್ನಿಸಿದ್ದು: ಎಂಜಿನ್ನನ್ನು ಬ್ಲೇಡಿಗೆ ಹೊಂದಿಸೋದು ಬಿಟ್ಟು ಬ್ಲೇಡನ್ನೇ ಎಂಜಿನ್‌ಗೆ ಹೊಂದಿಸಿದರೆ? 20 ಇಂಚಿನ ಪುಲ್ಲಿ, 500 ಆರ್‌ಪಿಎಂ, ಬೆಲ್ಟ್ ಜಾರಿದ್ದು ಕಳೆದರೆ 480. ಆ ಸ್ಪೀಡಿಗೇ ಬ್ಲೇಡ್ ಹೊಡೆಸೋಣ ಅಂದೆ. ಎಂಬತ್ತು ದಾಟಿದ ನಮ್ಮ ಮಿಲ್ ಅಜ್ಜ ತಲೆ ಆಡಿಸಿದರು. "ಅಷ್ಟು ನಿಧಾನಕ್ಕೆ ತಿರುಗಿದರೆ ಅದು ಮರ ಕೊಯ್ಯಲ್ಲ, ಜಗಿಯುತ್ತೆ" ಅಂದರು. ಸಾಫ್ಟ್‌ವೇರಿನವನಿಗೆ ಗರಗಸ ಏನು ಗೊತ್ತು ಅಂತ ಹಿಂದಿನಿಂದ ಇನ್ಯಾರೋ ಗೊಣಗಿದ್ದೂ ಕೇಳಿಸಿತು.

ನನಗೆ ಗರಗಸ ಪೂರ್ತಿ ಹೊಸದೇನಲ್ಲ. ನಮ್ಮ ದೊಡ್ಡಪ್ಪ ತೀರ್ಥಹಳ್ಳಿ ಕಡೆ ಸಾಮಿಲ್‌ನಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವರು. ಅವರಿಗೆ ಫೋನ್ ಮಾಡಿ ಬ್ಲೇಡ್ ದಪ್ಪ, ಹಲ್ಲಿನ ಅಗಲ ಎಲ್ಲ ಹೇಳಿದೆ. ಒಂದು ಗೀಟಿಗೆ, ಅಂದರೆ ಒಂದು ಸಲ ಸೀಳಿದರೆ, ಎಷ್ಟು ಮರ ಪುಡಿ ಆಗುತ್ತೆ ಅಂತ ಕೇಳಿದರು. ಕಾಲಿಂಚಿಗಿಂತ ಚೂರು ಜಾಸ್ತಿ ಅಂದೆ.

"ಎಂಥದು ಮಾರಾಯ! ನಾಕು ಗೀಟು ಹಾಕಿದ್ರೆ ಒಂದು ಹಲಗೆ ಪುಡಿ ಆಯ್ತಲ್ಲೋ. ತೆಳು ಪಟ್ಟಿಯ ಬ್ಯಾಂಡ್ ಸಾ ಹಾಕ್ಲಿಕ್ಕೆ ಏನು ಧಾಡಿ ನಿಮಗೆ?"

"ದೊಡ್ಡಪ್ಪ, ಇದು ವ್ಯಾಪಾರಕ್ಕಲ್ಲ, ಜನ ನೋಡೋಕೆ."

"ನೋಡ್ಲಿಕ್ಕೆ ಮರ ಹಾಳು ಮಾಡೂದಾ?" ಅಂತ ಫೋನ್ ಇಟ್ಟರು. ಅಲ್ಲಿಂದಲೂ ಬೆಂಬಲ ಸಿಗಲಿಲ್ಲ.

ಎರಡನೇ ವರ್ಷ ಬ್ಲೇಡ್ ಹೊಡೆಸುವ ಮೊದಲೇ ಇನ್ನೊಂದು ರೋಗ ಕಾಣಿಸಿತು. ಮೂರು ದಿಮ್ಮಿ ಚೆನ್ನಾಗಿ ಹೋಗುತ್ತೆ, ನಾಲ್ಕನೆಯದಕ್ಕೆ ಬ್ಲೇಡ್ ದಿಮ್ಮಿಯಿಂದ ಹೊರಗೆ ಓಡುತ್ತೆ. ನಿಲ್ಲಿಸಿ, ಪೂರ್ತಿ ನಿಂತ ಮೇಲೆ ಮುಟ್ಟಿ ನೋಡಿದರೆ ಬ್ಲೇಡ್ ನಡುಭಾಗ ಬಿಸಿ, ಅಂಚು ತಣ್ಣಗೆ. ದಿಮ್ಮಿ ಸಾಗುವ ಗೆರೆಗೆ ಬ್ಲೇಡನ್ನು ಕೂದಲೆಳೆಯಷ್ಟು ಓರೆ ಇಡುತ್ತಾರೆ, ಅದಕ್ಕೆ ಲೀಡ್ ಅಂತಾರೆ. ಅದಕ್ಕೆ ಹಳಬರದೊಂದು ಸೂತ್ರ ಇದೆ: ನಡು ಬಿಸಿಯಾದರೆ ಲೀಡನ್ನು ದಿಮ್ಮಿ ಕಡೆಗೆ ಕೊಡು, ಅಂಚು ಬಿಸಿಯಾದರೆ ಆಚೆಗೆ ಕೊಡು. ಕೊಟ್ಟೆ. 20 ಅಡಿಗೆ ಇಂಚಿನ ಎಂಟನೇ ಒಂದು ಭಾಗ ಇದ್ದದ್ದನ್ನು ಮೆಲ್ಲಗೆ ಕಾಲಿಂಚಿಗೆ ತಂದೆ. ಈಗ ಅಂಚೂ ಬಿಸಿ, ನಡುವೂ ಬಿಸಿ. ಒಂದು ಬೇಸಿಗೆ ಪೂರ್ತಿ ಆ ತಿರುಪು ತಿರುಗಿಸಿದ್ದೇ ಆಯ್ತು.

ಆಮೇಲೆ ಹೊಳೆಯಿತು. ಆ ಸೂತ್ರದಲ್ಲಿ ಇನ್ನೊಂದು ತುಂಡು ಇದೆ, ನಾವು ಅದನ್ನು ನುಂಗಿಬಿಟ್ಟಿದ್ದೆವು: ಬೇರಿಂಗ್ ತಣ್ಣಗಿದ್ದರೆ ಮಾತ್ರ. ನಮ್ಮ ಬ್ಲೇಡಿನ ಪಕ್ಕದ ವೈಟ್ ಮೆಟಲ್ (ಸುಲಭವಾಗಿ ಕರಗುವ ಮೆದು ಲೋಹ) ಬೇರಿಂಗ್ ಮೇಲೆ ಕೈ ಇಟ್ಟೆ. ಎರಡು ಎಣಿಸುವಷ್ಟರಲ್ಲಿ ಕೈ ತೆಗೆದೆ. ಆ ಬಿಸಿ ಶಾಫ್ಟ್ ಹಿಡಿದು ನಡುಭಾಗಕ್ಕೆ ಬಂದು, ನಡು ಹಿಗ್ಗಿ, ಬ್ಲೇಡ್ ತಟ್ಟೆ ಹಾಗೆ ಕುಳಿ ಬೀಳುತ್ತಿತ್ತು. ಲೀಡಿನದೇನೂ ತಪ್ಪಿರಲಿಲ್ಲ.

ಬೇರಿಂಗ್ ನಾನೇ ಎರಕ ಹೊಯ್ದೆ. ಮೊದಲನೇ ಸಲ ಕೆಟ್ಟಿತು. ಶಾಫ್ಟ್ ಬಿಸಿ ಮಾಡದೆ ಹೊಯ್ದಿದ್ದೆ, ಲೋಹ ಅರ್ಧ ದಾರಿಯಲ್ಲೇ ಗಟ್ಟಿಯಾಗಿ ಒಳಗೆ ಸುಕ್ಕುಸುಕ್ಕು. ಎರಡನೇ ಸಲ ಶಾಫ್ಟಿಗೆ ದೀಪದ ಮಸಿ ಹಿಡಿಸಿ, ಟಾರ್ಚಿನಲ್ಲಿ ಚೆನ್ನಾಗಿ ಕಾಯಿಸಿದೆ. ಕರಗಿದ ಲೋಹದ ಹದ ನೋಡೋಕೆ ಪೈನ್ ಕಡ್ಡಿ ಅದ್ದಬೇಕು. ಕಡ್ಡಿ ಕಂದಾಗಬೇಕು, ಹೊತ್ತಿಕೊಳ್ಳಬಾರದು. ಒಂದು ಹನಿ ನೀರು ಇದ್ದರೂ ಲೋಹ ಸಿಡಿದು ಮುಖಕ್ಕೆ ಬರುತ್ತೆ, ಅದೊಂದು ಹುಷಾರು. ಲೋಹಕ್ಕೆ ಸುಮಾರು 90 ಡಾಲರ್ ಆಯ್ತು, ಕೆಟ್ಟು ಹೋದದ್ದೂ ಸೇರಿ. ಕೆಟ್ಟದ್ದನ್ನು ಮತ್ತೆ ಕರಗಿಸಬಹುದಿತ್ತು, ಆದರೆ ಮರಳು ಸೇರಿತ್ತು. ರಿಸ್ಕ್ ಬೇಡ ಅಂತ ಬಿಟ್ಟೆ.

ಕಾಲರ್ ವಿಷಯ ಸಣ್ಣದು, ಆದರೆ ಹೇಳಲೇಬೇಕು. ಬ್ಲೇಡ್ ಹಿಡಿದಿಡುವ ಕಾಲರ್ ಹೊರ ಅಂಚಿನಲ್ಲಿ ಮಾತ್ರ ಕೂರಬೇಕು, ನಡುವೆ ತಾಗಬಾರದು. ಪರೀಕ್ಷೆ ಮಾಡೋಣ ಅಂದರೆ ಎಲ್ಲಿ ತಾಗುತ್ತೆ ಅಂತ ಗುರುತು ಬೀಳಿಸುವ ಬಣ್ಣ, ಫಿಟ್ಟರ್ ಬ್ಲೂ, ಖಾಲಿ. ಹಿಂದಿನ ಆಯುಧಪೂಜೆಗೆ ತಂದಿದ್ದ ಕುಂಕುಮ ಕಾರಿನಲ್ಲೇ ಇತ್ತು. ಕೊಬ್ಬರಿ ಎಣ್ಣೆಯಲ್ಲಿ ಕಲಸಿ ತೆಳ್ಳಗೆ ಸವರಿದೆ. ಮೊದಲೆರಡು ಸಲ ಗಂಟುಗಂಟಾಗಿ ಮೆತ್ತಿಕೊಂಡಿತು. ಬಟ್ಟೆಯಲ್ಲಿ ಸೋಸಿ ಹಾಕಿದ ಮೇಲೆ ಗುರುತು ಚೆನ್ನಾಗಿ ಬಿತ್ತು. ಒಂದು ಕಡೆ ಅಕ್ಕಿಕಾಳಿನಷ್ಟು ತುಕ್ಕು ಉಬ್ಬಿಕೊಂಡಿತ್ತು. ಅಷ್ಟು ಸಾಕು, ಐದಡಿ ಬ್ಲೇಡಿನ ಅಂಚಿಗೆ ಬರುವ ಹೊತ್ತಿಗೆ ಅದು ಎಷ್ಟಾಗುತ್ತೆ ಅಂತ ನೀವೇ ಲೆಕ್ಕ ಹಾಕಿ. ಕಾಲರಿಗೂ ಬ್ಲೇಡಿಗೂ ನಡುವೆ ಕಾಗದದ ಉಂಗುರ ಹಾಕುವ ಪದ್ಧತಿ ಇದೆ. ನಾನೂ ಹಾಕಿದ್ದೀನಿ. ಯಾವ ಕಡೆ, ಎಷ್ಟು ಅಗಲ ಅನ್ನೋದು ನನ್ನ ಹತ್ತಿರವೇ ಇರಲಿ.

ಬ್ಲೇಡ್ ಹೊಡೆಸೋಕೆ ನಾಲ್ಕು ಗಂಟೆ ದಾರಿ. ಬಾಡಿಗೆ ಟ್ರೇಲರ್, ಪೆಟ್ರೋಲ್ ಸೇರಿ 140 ಡಾಲರ್, ಸುತ್ತಿಗೆ ಕೆಲಸಕ್ಕೆ 275. ಹೊಸ ಬ್ಲೇಡ್ ತಗೊಂಡರೆ ಮೂರು ಸಾವಿರದ ಹತ್ತಿರ ಅಂದಿದ್ದರು. ಗರಗಸದವರು ಕೇಳಿದ್ದು ಆರ್‌ಪಿಎಂ ಎಷ್ಟು, ಎಂಜಿನ್ ಯಾವುದು, ದಿಮ್ಮಿ ಬಲಗಡೆಯೋ ಎಡಗಡೆಯೋ. 480 ಅಂದಾಗ ಮತ್ತೆ ಕೇಳಿದರು, "580 ತಾನೇ?" ಅಲ್ಲ ಅಂತ ಚೀಟಿ ಮೇಲೆ ಬರೆದುಕೊಟ್ಟೆ. ಅಂಗಡಿಯಲ್ಲಿ ನಿಂತು ನೋಡಿದ್ದೇ ದೊಡ್ಡ ಪಾಠ. ಹಿಂದಿನವರು ನಡುಭಾಗವನ್ನು ಬಹಳ ಸಡಿಲ ಬಿಟ್ಟಿದ್ದರು. ಜೋರಾಗಿ ತಿರುಗಿದಾಗ ಅಂಚು ಹಿಗ್ಗಿ ಆ ಸಡಿಲವನ್ನು ಎಳೆದುಕೊಳ್ಳುತ್ತೆ. ನಮ್ಮ ಸ್ಪೀಡಿಗೆ ಅಷ್ಟು ಹಿಗ್ಗೋದಿಲ್ಲ, ಅದಕ್ಕೇ ಬ್ಲೇಡ್ ಬಟ್ಟೆ ಹಾಗಾಗುತ್ತಿತ್ತು. ಅವರು ಅಂಚಿನ ಹತ್ತಿರ ಸುತ್ತಿಗೆ ಆಡಿಸಿ, ಪಟ್ಟಿ ಇಟ್ಟು ಬೆಳಕು ನೋಡಿ, ಮತ್ತೆ ಆಡಿಸಿ, ಮಧ್ಯಾಹ್ನ ಪೂರ್ತಿ ಅದೇ ಮಾಡಿದರು. ಏಟು ಜೋರಾಗಿರಲಿಲ್ಲ, ಎಣಿಸಿ ಎಣಿಸಿ ಹಾಕಿದ ಹಾಗಿತ್ತು.

ಮನೆಗೆ ತಂದು ಹಾಕಿದೆವು. 300 ಆರ್‌ಪಿಎಂವರೆಗೆ ಲೊಟಲೊಟ. 350ರ ಆಚೆ ಅಲ್ಲಾಟ ಕಡಿಮೆಯಾಯ್ತು. 450 ದಾಟುತ್ತಿದ್ದ ಹಾಗೆ ಸದ್ದೇ ಬದಲಾಗಿ, ತಂಬೂರಿ ಶ್ರುತಿ ಕೂತ ಹಾಗೆ ಒಂದೇ ನಾದ. ಅಜ್ಜ ಕಿವಿ ಕೊಟ್ಟು ಕೇಳಿದರು, ಮಾತಾಡಲಿಲ್ಲ.

ಆದರೂ ಅವರು ಹೇಳಿದ "ಜಗಿಯುತ್ತೆ" ಅನ್ನೋದು ಅರ್ಧ ನಿಜವೇ ಆಗಿತ್ತು. ನಮ್ಮ ಎಂಜಿನ್ ತಾಕತ್ತಿಗೆ ಕ್ಯಾರೇಜನ್ನು, ಅಂದರೆ ದಿಮ್ಮಿ ಹೊತ್ತು ಹಳಿ ಮೇಲೆ ಓಡುವ ಗಾಡಿಯನ್ನು, ಸೆಕೆಂಡಿಗೆ ಒಂದಡಿಗಿಂತ ಜೋರಾಗಿ ತಳ್ಳೋಕಾಗಲ್ಲ. ನಿಮಿಷಕ್ಕೆ 480 ಸುತ್ತಿನ ಲೆಕ್ಕದಲ್ಲಿ 46 ಹಲ್ಲಿಗೆ ಅದನ್ನು ಹಂಚಿದರೆ ಒಂದೊಂದು ಹಲ್ಲಿಗೆ ಸಿಗೋದು ಇಂಚಿನ 32ರಲ್ಲಿ ಒಂದು ಭಾಗ. ಬರೋದು ರವೆಯಂಥ ಪುಡಿ. ಪುಡಿ ಹಲ್ಲಿನ ಬಾಯಲ್ಲಿ ನಿಲ್ಲದೆ ಪಕ್ಕಕ್ಕೆ ಸೋರಿ, ಬ್ಲೇಡ್ ಉಜ್ಜಿ ಬಿಸಿ ಮಾಡುತ್ತೆ. ಆಗ ನಾನು ಮಾಡಿದ ಕಿತಾಪತಿ ಕೇಳಿ. ಒಂದು ಬಿಟ್ಟು ಒಂದು ಹಲ್ಲಿನ ಜಾಗಕ್ಕೆ ಸವೆದು ಮೋಟಾದ ಹಳೇ ಹಲ್ಲು ಹಾಕಿದೆ. ಅವು ಜಾಗ ತುಂಬಿಸುತ್ತವೆ, ಮರ ಮುಟ್ಟಲ್ಲ. ಈಗ ಕೆಲಸ ಮಾಡೋದು 23 ಹಲ್ಲು. ಒಂದೊಂದಕ್ಕೆ ಇಂಚಿನ ಹದಿನಾರನೇ ಒಂದು ಭಾಗ ತುತ್ತು. ಪುಡಿ ಹೋಗಿ ಚಕ್ಕೆ ಬರೋಕೆ ಶುರುವಾಯ್ತು, ಒಣ ಕೊಬ್ಬರಿ ತುರಿದ ಹಾಗೆ. ಬ್ಲೇಡ್ ತಣ್ಣಗೆ ಉಳಿಯಿತು. ಮೋಟು ಹಲ್ಲು ಎಲ್ಲವೂ ಒಂದೇ ತೂಕ ಇರಬೇಕು, ಅದು ಮರೆಯಬೇಡಿ. ಹಲ್ಲಿನ ಮೂತಿಯನ್ನು ಎಷ್ಟು ಓರೆ ಅರೆದೆ ಅಂತ ಎರಡು ಜನ ಕೇಳಿದ್ದಾರೆ. ಅವರಿಗೂ ಹೇಳಿಲ್ಲ.

ನಡುವೆ ಬೆಲ್ಟಿನ ಒಂದು ಪ್ರಯೋಗ. ರಾಳ ಹಚ್ಚಿದರೆ ಬೆಲ್ಟ್ ಹಿಡಿಯುತ್ತೆ, ಆದರೆ ಬೇಗ ಗಟ್ಟಿಯಾಗುತ್ತೆ. ಊರಲ್ಲಿ ಹಿಟ್ಟಿನ ಗಿರಣಿಯವರು ಬೆಲ್ಲ ಹಚ್ಚಿದ್ದು ಚಿಕ್ಕಂದಿನಲ್ಲಿ ನೋಡಿದ್ದೆ. ಇಂಡಿಯನ್ ಅಂಗಡಿಯ ಬೆಲ್ಲ ಪಾಕ ಮಾಡಿ ಹಚ್ಚಿದೆ. ಹತ್ತು ನಿಮಿಷ ಅದ್ಭುತ! ಆಮೇಲೆ ಆಗಸ್ಟ್ ಬಿಸಿಲಿಗೆ ಹಳದಿ ಕಣಜಗಳು ದಂಡೆತ್ತಿ ಬಂದವು. ಜನ ಹಗ್ಗ ದಾಟಿ ಓಡಿದರು. ಬೆಲ್ಟ್ ತೊಳೆಯೋಕೆ ಅರ್ಧ ದಿನ.

ದಿಮ್ಮಿಯಲ್ಲಿ ಮೊಳೆ ಸಿಕ್ಕಿದ್ದೂ ಅದೇ ವಾರ. ಯಾರದೋ ಮನೆ ಅಂಗಳದ ಓಕ್, ಬಿಟ್ಟಿ ಸಿಕ್ಕಿತ್ತು. ಅಡ್ಡ ಕೊಯ್ದ ಮುಖದಲ್ಲಿ ಶಾಯಿ ಚೆಲ್ಲಿದ ಹಾಗೆ ಕಪ್ಪು-ನೀಲಿ ಕಲೆ ಇತ್ತು. ಓಕಿನ ಒಗರಿಗೆ ಕಬ್ಬಿಣ ಸೇರಿದರೆ ಬರೋ ಬಣ್ಣ ಅದು. ನೋಡಿಯೂ ಹಾಕಿದೆ, ಸೋಮಾರಿತನ. ಏಳು ಹಲ್ಲು ಹೋಯ್ತು, ಹಲ್ಲಿಗೆ ಮೂರು ಮೂರೂವರೆ ಡಾಲರ್. ಅವತ್ತಿನಿಂದ ಬಿಟ್ಟಿ ದಿಮ್ಮಿಗೆ ಮೆಟಲ್ ಡಿಟೆಕ್ಟರ್ ಓಡಿಸದೆ ಕ್ಯಾರೇಜ್ ಹತ್ತಿಸಲ್ಲ.

ಒಟ್ಟು ಖರ್ಚು ಮೂರು ವರ್ಷಕ್ಕೆ 900 ಡಾಲರ್ ಆಗಿರಬಹುದು, ಬಾಗಿಲಿಗೆ ಒತ್ತು ಕೊಟ್ಟ ಪುಲ್ಲಿಯೂ ಸೇರಿ. ಕ್ಲಬ್ಬು ಅರ್ಧ ಕೊಟ್ಟಿತು. ಶೋದಲ್ಲಿ ಕೊಯ್ದ ಓಕ್ ಹಲಗೆ ಅಲ್ಲೇ ಮಾರಿದೆವು, 400ರ ಹತ್ತಿರ ಬಂತು. ಪುಡಿಯನ್ನು ಪಕ್ಕದ ಡೈರಿಯವರು ಹಸುಗಳ ಕೆಳಗೆ ಹಾಸೋಕೆ ಒಯ್ದರು. ದೊಡ್ಡಪ್ಪನಿಗೆ ವಿಡಿಯೋ ಕಳಿಸಿದೆ. "ಗೀಟು ನೆಟ್ಟಗುಂಟು" ಅಂತ ಉತ್ತರ ಬಂತು. ಐದು ನಿಮಿಷ ಬಿಟ್ಟು ಇನ್ನೊಂದು: "ಪುಡಿ ಬಿಟ್ಟಿ ಕೊಟ್ರಾ?"

ಇನ್ನು ಉಳಿದಿರೋದು ಕ್ಯಾರೇಜ್ ಹಳಿ. ದೂರದ ತುದಿಯಲ್ಲಿ ನೆಲ ಕುಸಿದು ಚೂರು ಇಳಿದಿದೆ, ಆ 32ರಲ್ಲಿ ಒಂದು ಭಾಗ ಅಲ್ಲಿಂದಲೇ ಬರ್ತಿದೆ ಅಂತ ನನ್ನ ಅನುಮಾನ. ಅಕ್ಟೋಬರ್‌ನಲ್ಲಿ ಹಿಮ ಬೀಳುವ ಮೊದಲು ಜಾಕ್ ಕೊಟ್ಟು ಎತ್ತಬೇಕು. ಅಜ್ಜ ತಾವೇ ಬಂದು ಮಟ್ಟ ಹಿಡಿಯುತ್ತೇನೆ ಅಂದಿದ್ದಾರೆ. ಬ್ಲೇಡ್ ಬಿಚ್ಚಿ, ಎಣ್ಣೆ ಸವರಿ, ಶೆಡ್ಡಿನಲ್ಲಿ ನಡುತೂತಿಗೆ ಗೂಟ ಕೊಟ್ಟು ನೇತು ಹಾಕಿದ್ದೀನಿ. ಗೋಡೆಗೆ ಒರಗಿಸಿ ಇಡಬೇಡಿ, ಒಂದೇ ಚಳಿಗಾಲದಲ್ಲಿ ಬಾಗುತ್ತೆ.