ಇಟ್ಟಿಗೆ ಭಟ್ಟೀಲಿ ಜೀತ ಗುರುತಿಸೋಕೆ ಆಶಾ ಅಕ್ಕಂದಿರಿಗೆ ಟ್ರೈನಿಂಗ್ ಕೊಟ್ಟ ನನ್ನ ಅನುಭವ

ಭಟ್ಟಿ ಒಳಗಡೆ ಪೊಲೀಸರಿಗಿಂತ ಮೊದ್ಲು ಕಾಲಿಡೋದು ಆಶಾ ಅಕ್ಕಂದಿರು, ಪೋಲಿಯೋ ಬಾಕ್ಸ್ ಹಿಡ್ಕೊಂಡು ಬಂದೋರ್ನ ಮಾಲೀಕ ಸಾಮಾನ್ಯವಾಗಿ ತಡೆಯಲ್ಲ. ಅದಕ್ಕೇ ನಾನು ಟ್ರೈನಿಂಗ್‌ನ ಕಾಯ್ದೆಯಿಂದ ಶುರು ಮಾಡಲ್ಲ, ಅವ್ರು ದಿನಾ ಮಾಡೋ ಕೆಲಸದಿಂದಾನೇ ಮಾಡ್ತೀನಿ.

ಮಾನವ ಕಳ್ಳಸಾಗಣೆ ಅಂದ್ರೆ ಕೈಕಾಲು ಕಟ್ಟಿ ವ್ಯಾನಿಗೆ ಹಾಕೋದು ಅಂತ ತುಂಬಾ ಜನ ಅಂದ್ಕೊಂಡಿರ್ತಾರೆ. ಭಟ್ಟೀಲಿ ಹಂಗಿರಲ್ಲ, ಮೇಸ್ತ್ರಿ ಊರಲ್ಲೇ ಮುಂಗಡ ಕೊಟ್ಟು ಇಡೀ ಸಂಸಾರಾನೇ ಕರ್ಕೊಂಡ್ ಬಂದಿರ್ತಾನೆ, ಆಮೇಲೆ ಎಷ್ಟು ಇಟ್ಟಿಗೆ ಕೊಯ್ದರೂ ಆ ಸಾಲ ತೀರಲ್ಲ.

ಹೆಚ್ಚು ಹೊತ್ತು ಕೊಡೋದು ಅಭಿನಯಕ್ಕೆ. ಒಬ್ರು ಮೇಸ್ತ್ರಿ, ಒಬ್ರು ಕೂಲಿ ಹೆಂಗಸು, ಒಬ್ರು ಆಶಾ. ಏನು ಕೇಳಿದ್ರೂ ಮೇಸ್ತ್ರೀನೇ ಉತ್ತರ ಕೊಡ್ತಾ ಹೋಗ್ಬೇಕು, ಆಗ "ಮಗೂ ತೂಕ ನೋಡ್ಬೇಕು, ಈ ಕಡೆ ಬಾರಮ್ಮ" ಅಂತ ಅವಳನ್ನ ಪಕ್ಕಕ್ಕೆ ಕರ್ಕೊಳೋದು ಅಕ್ಕಂದಿರಿಗೆ ತಾನಾಗೇ ಹೊಳೆಯುತ್ತೆ. ಅಲ್ಲಿ "ನಿನ್ನ ಜೀತಕ್ಕೆ ಇಟ್ಕೊಂಡಿದಾರಾ" ಅಂತ ಕೇಳಿದ್ರೆ ಇಲ್ಲ ಅಂತಾಳೆ ಅಷ್ಟೇ. ಅದರ ಬದ್ಲು ಹಿಂಗೆ ಕೇಳ್ಬೇಕು: ತಾಯಿ ಕಾರ್ಡು, ಆಧಾರ್ ಯಾರತ್ರ ಇದೆ? ಹಬ್ಬಕ್ಕೆ ಊರಿಗೆ ಹೋಗ್ತೀರಾ? ಸಂತೆಗೆ ಗಂಡ ಹೆಂಡ್ತಿ ಮಕ್ಳು ಒಟ್ಟಿಗೆ ಹೋಗ್ತೀರಾ? ಈ ಕೊನೇ ಪ್ರಶ್ನೆ ತುಂಬಾ ಮುಖ್ಯ, ಯಾಕಂದ್ರೆ ಒಬ್ರನ್ನ ಕಳಿಸಿ ಉಳಿದೋರ್ನ ಒತ್ತೆ ತರ ಇಟ್ಕೊಳೋದು ಇಂಥ ಕಡೆ ನಡೆಯುತ್ತೆ.

ಆಮೇಲೆ ಅಕ್ಕಂದಿರಿಗೆ ಹೇಳೋದು ಇದು: ಮಾಲೀಕನ ಹತ್ರ ಜಗಳಕ್ಕೆ ಹೋಗ್ಬೇಡಿ, ಫೋಟೋ ತೆಗೀಬೇಡಿ, ನಾಳೇನೇ ಬಿಡಿಸ್ತೀವಿ ಅಂತ ಮಾತು ಕೊಡ್ಬೇಡಿ. ಅನುಮಾನ ಬಂದ್ರೆ ರಾತ್ರೋರಾತ್ರಿ ಲಾರಿ ಹತ್ತಿಸಿ ಬೇರೆ ಕಡೆ ಸಾಗಿಸಿಬಿಡ್ತಾರೆ. ಫೋನ್ ಮಾಡೋದಾದ್ರೆ ಮಕ್ಕಳಿದ್ರೆ 1098, ಹೆಂಗಸರಿಗೆ 181, ಅಪಾಯ ಕಂಡ್ರೆ 112, ಜೀತ ಅನ್ನಿಸಿದ್ರೆ ಎಸಿ ಅಥವಾ ಡಿಸಿ ಆಫೀಸು. "ನಾವೇ ಒಪ್ಕೊಂಡು ಬಂದಿದೀವಿ" ಅಂದ್ರೂ ತಿಳಿಸಿ, ಭಾರತೀಯ ನ್ಯಾಯ ಸಂಹಿತೆ 143ನೇ ಸೆಕ್ಷನ್‌ನಲ್ಲಿ ಅವರ ಒಪ್ಪಿಗೆ ಲೆಕ್ಕಕ್ಕೇ ಬರಲ್ಲ, 1976ರ ಜೀತ ಕಾಯ್ದೆ ಪ್ರಕಾರ ಜೀತದ ಸಾಲಾನೂ ರದ್ದು.

ಪ್ರತಿ ಸಲ ಬರೋ ಮಾತು ಒಂದಿದೆ, "ಮೇಡಂ, ನಾಳೆ ಅದೇ ದಾರೀಲಿ ನಾನು ಓಡಾಡ್ಬೇಕಲ್ಲ." ನ್ಯಾಯವಾದ ಭಯ ಅದು. ಇದಕ್ಕೆ ಉತ್ತರ ಇಲ್ದೆ ಟ್ರೈನಿಂಗ್ ಮುಗಿಸೋದು ತಪ್ಪು ಅಂತ ನನ್ನ ಖಚಿತ ಅಭಿಪ್ರಾಯ. ಹಾಗಾಗಿ ಯಾರಿಗೆ ಹೇಳ್ಬೇಕು, ಯಾರ ಹೆಸರಲ್ಲಿ ದೂರು ಹೋಗ್ಬೇಕು ಅನ್ನೋದನ್ನ ಅವರ ಮೇಲಿನ ಅಧಿಕಾರೀನ ಎದುರಿಗೇ ಕೂರಿಸ್ಕೊಂಡು ತೀರ್ಮಾನ ಮಾಡಿಸ್ತೀನಿ, ಆಶಾ ಹೆಸರು ದೂರಿನಲ್ಲಿ ಬರಬಾರ್ದು ಅಂತ ಅವರ ಬಾಯಿಂದಾನೇ ಹೇಳಿಸ್ತೀನಿ.